ಸ್ಟೆಲ್ವಿಯೊ ಹತ್ತುವುದು ಸರಿ, ಇಳಿಯುವುದು ಹೇಗೆ?

ಪ್ರಶ್ನೆ: ನನಗೆ 52 ವರ್ಷ, ತೂಕ 74 ಕಿಲೊ, ಊರು ಬೆಂಗಳೂರು. ಆರು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರಗಳಂದು ನಂದಿ ಬೆಟ್ಟವನ್ನು ಬೆನ್ನುಬೆನ್ನಿಗೆ ಎರಡು ಸಲ ಹತ್ತುತ್ತೇನೆ. ಒಂದು ಸಲಕ್ಕೆ ಸುಮಾರು 38 ನಿಮಿಷ. ಮಗ ಮ್ಯೂನಿಕ್‌ನಲ್ಲಿ ಓದುತ್ತಿದ್ದಾನೆ. ಜೂನ್ ಕೊನೆಗೆ ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗಿ, ಮಗನ ಕಾರಿನಲ್ಲಿ ಇಟಲಿಯ ಬೋರ್ಮಿಯೊ ಸೇರಿ, ಐದು ದಿನ ಉಳಿಯುವವರಿದ್ದೇವೆ. ಸ್ಟೆಲ್ವಿಯೊ, ಗಾವಿಯಾ, ಮೊರ್ತಿರೋಲೊ ಈ ಮೂರು ಘಾಟಿಗಳನ್ನೂ ಹತ್ತುವ ಆಸೆ. ಅಷ್ಟು ಎತ್ತರದಲ್ಲಿ ಆಮ್ಲಜನಕ ಸಾಲುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ಘಾಟಿಯ ಆಚೆ ಬದಿಯ ಪ್ರಾತೊ ಊರಿನ ಕಡೆಯಿಂದ 48 ತಿರುವುಗಳನ್ನು ಹತ್ತದಿದ್ದರೆ ಸ್ಟೆಲ್ವಿಯೊ ಹತ್ತಿದ ಲೆಕ್ಕವಲ್ಲ ಎಂದು ಗೆಳೆಯನೊಬ್ಬನ ವಾದ. ನನ್ನದು ಕಾರ್ಬನ್ ರಿಮ್, ರಿಮ್ ಬ್ರೇಕ್‌ನ ಸೈಕಲ್. ಮುಂದೆ 50-34, ಹಿಂದೆ 11-28 ಹಲ್ಲಿನ ಗೇರ್. ಅದನ್ನೇ ಒಯ್ಯಲೇ, ಅಲ್ಲಿ ಬಾಡಿಗೆಗೆ ಪಡೆಯಲೇ? ಹೆಂಡತಿ ಸೈಕಲ್ ತುಳಿಯುವವಳಲ್ಲ. ಅವಳಿಗೆ ಅಲ್ಲಿ ಬೇಸರವಾಗುತ್ತದೆಯೇ? ಇನ್ನೊಂದು ಮಾತು: ಎರಡು ವರ್ಷದ ಹಿಂದೆ ನಂದಿ ಇಳಿಯುವಾಗ ಬಿದ್ದು ಕೊರಳೆಲುಬು ಮುರಿದಿತ್ತು. ಈಗ ಸರಿಯಾಗಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಅದನ್ನು ನೀವು ಮರೆತಿದ್ದು ನೆನಪಾದವರಂತೆ ಸೇರಿಸಿದ್ದೀರಿ. ಬೆಂಗಳೂರಿನ ಸವಾರರಿಗೆ ತರಬೇತಿ ಕೊಡುತ್ತ, ಬೇಸಿಗೆಯಲ್ಲಿ ಸಣ್ಣ ತಂಡಗಳನ್ನು ಆಲ್ಪ್ಸ್‌ಗೆ ಕರೆದೊಯ್ಯುತ್ತ ನಾನು ಕಂಡುಕೊಂಡದ್ದಿಷ್ಟು: ಹತ್ತಲಾರದೆ ವಾಪಸಾದವರು ಕಡಿಮೆ. ಹತ್ತಿ ನಿಂತು, ಇಳಿಯುವ ರಸ್ತೆಯನ್ನು ನೋಡಿ ಮುಖ ಬಿಳುಚಿದವರು ಹೆಚ್ಚು. ನೀವು ಕೇಳಿರುವುದೆಲ್ಲ ಹತ್ತುವುದರ ಬಗ್ಗೆ. ಅದಕ್ಕೂ ಉತ್ತರಿಸುತ್ತೇನೆ. ಆದರೆ ಯಾವ ದಿನ ಯಾವ ದಾರಿ ಎಂಬುದನ್ನು ನಾನು ಲೆಕ್ಕ ಹಾಕುವುದು ಇಳಿಜಾರನ್ನು ನೋಡಿ.

ಮೊದಲು ಆಮ್ಲಜನಕದ ಮಾತು ಮುಗಿಸೋಣ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿಗೆ ಹೋದರೂ ಶೇ 21ರಷ್ಟೇ. ಕುಗ್ಗುವುದು ಗಾಳಿಯ ಒತ್ತಡ. ಬೆಂಗಳೂರಿನಲ್ಲಿ ಅದು ಸಮುದ್ರಮಟ್ಟದ ಸುಮಾರು ಶೇ 90 ಇದ್ದರೆ, 2,758 ಮೀಟರ್ ಎತ್ತರದ ಸ್ಟೆಲ್ವಿಯೊ ನೆತ್ತಿಯಲ್ಲಿ ಶೇ 71ರ ಆಸುಪಾಸು. ಕೊನೆಯ ಐದಾರು ಕಿಲೋಮೀಟರ್‌ಗಳಲ್ಲಿ ನಿಮ್ಮ ಕಾಲಿನ ಬಲ ಹತ್ತರಲ್ಲಿ ಒಂದು ಪಾಲಿನಷ್ಟೋ, ತುಸು ಹೆಚ್ಚೋ ಕುಗ್ಗುತ್ತದೆ. ಉಸಿರು ಬೇಗ ಮೇಲೆ ಬರುತ್ತದೆ. ಆದರೆ ನೀವು ಅಲ್ಲಿರುವುದು ಹೆಚ್ಚೆಂದರೆ ಒಂದೆರಡು ಗಂಟೆ, ರಾತ್ರಿ ಮಲಗುವುದು 1,225 ಮೀಟರ್‌ನ ಬೋರ್ಮಿಯೊದಲ್ಲಿ. ಲಡಾಖ್‌ಗೆ ಹೋಗಿ ಬಂದವರು ಹೇಳುವ ತಲೆನೋವು, ವಾಕರಿಕೆಗಳ ಕಾಯಿಲೆಗೆ ಇಷ್ಟು ಕಡಿಮೆ ಹೊತ್ತಿನಲ್ಲಿ ಆಸ್ಪದ ತೀರಾ ಅಪರೂಪ. ಒಂದು ಮಾತು ಮಾತ್ರ ಕಟ್ಟುನಿಟ್ಟು: 52ರ ವಯಸ್ಸಿನಲ್ಲಿ, ಹೊರಡುವ ಮೊದಲು ಹೃದಯದ ಟ್ರೆಡ್‌ಮಿಲ್ ಪರೀಕ್ಷೆಯ ಅಗತ್ಯವಿದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಎದೆಯಲ್ಲಿ ಹಿಡಿದಂತಾದರೆ ಅದನ್ನು ಎತ್ತರದ ತಲೆಗೆ ಕಟ್ಟಿ ತುಳಿಯುತ್ತ ಹೋಗಬೇಡಿ.

ಹತ್ತುವ ಲೆಕ್ಕ ಇನ್ನೂ ಸುಲಭ. ನಂದಿ ಸುಮಾರು ಏಳೂವರೆ ಕಿಲೋಮೀಟರ್, ನಾನೂರು ಮೀಟರ್‌ಗಿಂತ ತುಸು ಹೆಚ್ಚಿನ ಏರು. ಬೋರ್ಮಿಯೊದಿಂದ ಸ್ಟೆಲ್ವಿಯೊ ಇಪ್ಪತ್ತೊಂದೂವರೆ ಕಿಲೋಮೀಟರ್, 1,530 ಮೀಟರ್ ಏರು, ಸರಾಸರಿ ಶೇ 7. ಅಂದರೆ ನಡುವೆ ಇಳಿಜಾರಿನ ವಿಶ್ರಾಂತಿಯಿಲ್ಲದೆ ಮೂರೂವರೆ ನಂದಿ. ನಿಮ್ಮ 38 ನಿಮಿಷಕ್ಕೆ ಹೆಚ್ಚು ಕಡಿಮೆ 175 ವ್ಯಾಟ್ ಬೇಕು. ಅದನ್ನು ಅಷ್ಟು ಹೊತ್ತು ಹಿಡಿದಿಡಲಾಗದು, 155ಕ್ಕೆ ಇಳಿಸಿಕೊಳ್ಳಿ. ಗಂಟೆಗೆ ಎಂಟೂವರೆ ಕಿಲೋಮೀಟರ್‌ನಂತೆ ಎರಡೂವರೆ ಗಂಟೆಯಲ್ಲಿ ಮೇಲಿರುತ್ತೀರಿ. ನೀವು ಹತ್ತಬಲ್ಲಿರಿ, ಅನುಮಾನವಿಲ್ಲ.

ಆದರೆ ನಿಮ್ಮ ಈ ಗೇರ್‌ನಲ್ಲಿ ಅಲ್ಲ. ಮುಂದೆ 34, ಹಿಂದೆ 28 ಹಲ್ಲಿನಲ್ಲಿ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 55 ಸುತ್ತು ಮಾತ್ರ ತಿರುಗುತ್ತದೆ. ಎರಡೂವರೆ ಗಂಟೆ ಹಾಗೆ ತುಳಿದರೆ ಮಾರನೆಯ ದಿನ ಮೆಟ್ಟಿಲಿಳಿಯುವಾಗ ಮಂಡಿ ಮಾತಾಡುತ್ತದೆ. ಹಿಂದೆ 34 ಹಲ್ಲಿದ್ದರೆ ಅದೇ ವೇಗಕ್ಕೆ 67 ಸುತ್ತು. ಮೊರ್ತಿರೋಲೊದಲ್ಲಂತೂ 28 ಹಲ್ಲಿಗೆ 42 ಸುತ್ತು. ಅದನ್ನು ತುಳಿಯುವುದು ಅನ್ನುವುದಿಲ್ಲ, ನೂಕುವುದು ಅನ್ನುತ್ತಾರೆ. ‘ದೊಡ್ಡ ಹಲ್ಲು ಹಾಕಿಕೊಂಡವನು ಸೋತವನು’ ಎಂಬ ಗತ್ತು ನಮ್ಮ ಸವಾರರಲ್ಲಿದೆ. ಇಂದು ವೃತ್ತಿಪರ ಸವಾರರೇ ಬೆಟ್ಟದ ದಿನ 34 ಹಲ್ಲು ಹಾಕಿಕೊಳ್ಳುತ್ತಾರೆ.

ಏರು ಎಷ್ಟು ಕಡಿದು ಎಂದು ಮೊದಲೇ ಊಹಿಸಲು ನನ್ನದೊಂದು ಉಪಾಯವಿದೆ: ಆ ರಸ್ತೆ ಯಾರಿಗಾಗಿ ಹುಟ್ಟಿತು ಎಂದು ಕೇಳುವುದು. ಸ್ಟೆಲ್ವಿಯೊ ರಸ್ತೆಯನ್ನು 1820ರಿಂದ 1825ರ ನಡುವೆ ಎಂಜಿನಿಯರ್ ಕಾರ್ಲೊ ದೊನೆಗಾನಿ ಕಟ್ಟಿಸಿದ. ಆಗ ಬೋರ್ಮಿಯೊ ಇರುವ ಲೊಂಬಾರ್ದಿ ಸೀಮೆ ಆಸ್ಟ್ರಿಯಾದ ಕೈಯಲ್ಲಿತ್ತು. ಅದನ್ನು ತಿರೋಲ್ ಸೀಮೆಯೊಂದಿಗೆ ಬೆಸೆಯುವ ದಾರಿ ಚಕ್ರವರ್ತಿಗೆ ಬೇಕಾಗಿತ್ತು. ಕುದುರೆಗಾಡಿ ಹತ್ತಬೇಕಲ್ಲ, ಹಾಗಾಗಿ ದೊನೆಗಾನಿ ರಸ್ತೆಯನ್ನು ಮಡಚಿ ಮಡಚಿ ಏರನ್ನು ಹದಕ್ಕೆ ತಂದ. ಅಷ್ಟೊಂದು ತಿರುವುಗಳಿರುವುದು ಸವಾರನನ್ನು ಕಾಡಲಿಕ್ಕಲ್ಲ, ಕುದುರೆಯನ್ನು ಉಳಿಸಲಿಕ್ಕೆ. ಪ್ರತಿ ತಿರುವಿನ ಹೊರಬದಿಯಲ್ಲಿ ರಸ್ತೆ ಬಹುತೇಕ ಸಮತಟ್ಟಾಗುತ್ತದೆ. ಅಲ್ಲಿ ನಾಲ್ಕು ಉಸಿರು ಸಿಗುತ್ತದೆ. ಮೊರ್ತಿರೋಲೊ ದನ ಅಟ್ಟುವವರ, ಹುಲ್ಲು ಹೊರುವವರ ದಾರಿ. ಅದು ನೇರ ಬೆಟ್ಟಕ್ಕೆ ಏಣಿ ಹಾಕಿದಂತೆ: ಮಾತ್ಸೊ ಊರಿನಿಂದ ಹನ್ನೆರಡೂವರೆ ಕಿಲೋಮೀಟರ್, ಸರಾಸರಿ ಶೇ 10.5, ಅಲ್ಲಲ್ಲಿ ಶೇ 18. ಬೋರ್ಮಿಯೊ ಬಳಿಯ ಕಾಂಕಾನೊ ಸರೋವರಗಳಿಗೆ ಏರುವ ರಸ್ತೆಯ ಕೊನೆಗಿರುವುದು ಜಲವಿದ್ಯುತ್ ಅಣೆಕಟ್ಟುಗಳು. ಲಾರಿ ಹತ್ತುವ ಏರು, ನಿಮಗೂ ಹಿತ.

ಈಗ ಇಳಿಜಾರಿಗೆ ಬರುತ್ತೇನೆ. ನೀವೂ ಸೈಕಲ್ಲೂ ಸೇರಿ 85 ಕಿಲೊ. ಸ್ಟೆಲ್ವಿಯೊ ನೆತ್ತಿಯಿಂದ ಬೋರ್ಮಿಯೊಗೆ ಇಳಿಯುವಾಗ ಕಳೆಯಬೇಕಾದ ಶಕ್ತಿ ನಾಲ್ಕು ಲೀಟರ್ ತಣ್ಣೀರನ್ನು ಕುದಿಸಿಬಿಡುವಷ್ಟು. ಅದರಲ್ಲಿ ಒಂದು ಪಾಲನ್ನು ಎದುರುಗಾಳಿ ನುಂಗುತ್ತದೆ. ಉಳಿದದ್ದೆಲ್ಲ ಎರಡು ರಿಮ್‌ಗಳ, ನಾಲ್ಕು ಬ್ರೇಕ್ ಗಟ್ಟಿಗಳ ಮೈಮೇಲೆ. ಹೆದರಿದವನು ಏನು ಮಾಡುತ್ತಾನೆ? ಮೇಲಿನಿಂದ ಕೆಳಗಿನವರೆಗೆ ಬ್ರೇಕನ್ನು ಸಣ್ಣಗೆ ಒತ್ತಿಹಿಡಿದೇ ಬರುತ್ತಾನೆ. ನಿಧಾನ ಹೋದರೆ ಸುರಕ್ಷಿತ ಎಂಬ ನಂಬಿಕೆ. ಎಲ್ಲಕ್ಕಿಂತ ಹೆಚ್ಚು ಶಾಖ ಏಳುವುದು ಹಾಗೆ ಬಂದಾಗಲೇ. ವೇಗವಿಲ್ಲದ್ದರಿಂದ ಗಾಳಿ ಏನನ್ನೂ ನುಂಗುವುದಿಲ್ಲ, ರಿಮ್ಮನ್ನು ತಣಿಸುವುದೂ ಇಲ್ಲ. ಕಾರ್ಬನ್ ರಿಮ್‌ನಲ್ಲಿ ಆ ಶಾಖಕ್ಕೆ ಕಾರ್ಬನ್ ಎಳೆಗಳನ್ನು ಹಿಡಿದಿಟ್ಟ ರಾಳ ಮೆತ್ತಗಾಗಿ ರಿಮ್‌ನ ಅಂಚು ಉಬ್ಬಬಹುದು, ಟ್ಯೂಬ್ ಸಿಡಿಯಬಹುದು. ಒಂದು ವರ್ಷ ನಮ್ಮ ತಂಡದವರೊಬ್ಬರು ಹೀಗೆಯೇ ಇಳಿದು ಬಂದರು. ಅವರದು ಅಲ್ಯೂಮಿನಿಯಂ ರಿಮ್, ಪುಣ್ಯಕ್ಕೆ. ಬಾಟಲಿಯಿಂದ ಅದರ ಮೇಲೆ ನೀರು ಚಿಮುಕಿಸಿದೆ. ಕಾದ ಹೆಂಚಿನ ಮೇಲೆ ದೋಸೆಗೆ ಮುಂಚೆ ಚಿಮುಕಿಸಿದ ನೀರಿನಂತೆ ಚುಯ್ ಎಂದಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಆದ್ದರಿಂದ ನಿಮ್ಮ ಸೈಕಲ್ಲನ್ನು ಮನೆಯಲ್ಲೇ ಬಿಡಿ. ವಿಮಾನದ ಪೆಟ್ಟಿಗೆಗೆ ಅದನ್ನು ಬಿಚ್ಚಿ ತುಂಬುವ ತಾಪತ್ರಯವೂ ತಪ್ಪುತ್ತದೆ. ಬೋರ್ಮಿಯೊ ಸೈಕಲ್ ಸವಾರರಿಂದ ಬದುಕುವ ಊರು. ಡಿಸ್ಕ್ ಬ್ರೇಕ್‌ನ, ಹಿಂದೆ 34 ಹಲ್ಲಿರುವ ಸೈಕಲ್ ಬಾಡಿಗೆಗೆ ಸಿಗುತ್ತದೆ. ಮೊದಲೇ ಕಾದಿರಿಸಿ. ಪೆಡಲ್, ಶೂ ನಿಮ್ಮವೇ ಇರಲಿ. ಸೀಟಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆದು ಬರೆದುಕೊಂಡು ಹೋಗಿ. ಡಿಸ್ಕ್ ಬ್ರೇಕ್ ಇದ್ದರೂ ಒತ್ತಿಹಿಡಿದು ಬಂದರೆ ಅದೂ ಕಾದು ಹಿಡಿತ ಕಳೆದುಕೊಳ್ಳುತ್ತದೆ. ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ತಿರುವಿನೊಳಗೆ ಬಿಟ್ಟುಬಿಡಿ.

ಬಾಡಿಗೆ ಸೈಕಲ್ಲಿನಲ್ಲಿ ಒಂದು ಮೋಸವಿದೆ, ಅಂಗಡಿಯವರು ಹೇಳಲಿಕ್ಕಿಲ್ಲ. ನಮ್ಮಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಯುರೋಪಿನಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನದು. ಹಿಂದಿನ ಬ್ರೇಕ್ ಎಂದುಕೊಂಡು ಎಡಗೈಯನ್ನು ಗಬಕ್ಕನೆ ಒತ್ತಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀರಿ, ಕೊರಳೆಲುಬು ಮತ್ತೆ ಕೆಲಸಕ್ಕೆ ಬರುತ್ತದೆ. ಅಂಗಡಿಯ ಮುಂದೆಯೇ ಚಕ್ರ ಎತ್ತಿ ನೋಡಿ. ಬೇಕಾದರೆ ಅದಲುಬದಲು ಮಾಡಿಕೊಡಲು ಕೇಳಿ. ಜೊತೆಗೆ ಅಲ್ಲಿ ಬಲಬದಿಯ ಸಂಚಾರ. ಹತ್ತುವಾಗ ಇದರ ಅರಿವಾಗುವುದಿಲ್ಲ. ಇಳಿಯುವಾಗ, ಗಾಬರಿಯಲ್ಲಿ, ಮೈ ತನ್ನಷ್ಟಕ್ಕೆ ಎಡಕ್ಕೆ ಸರಿಯುತ್ತದೆ. ಎದುರಿಗೆ ಮೋಟಾರ್‌ಸೈಕಲ್ ಬರುತ್ತಿರುತ್ತದೆ. ಅಲ್ಲಿ ಬಲಕ್ಕೆ ತಿರುಗುವ ತಿರುವುಗಳೇ ಇಕ್ಕಟ್ಟಿನವು. ನಮ್ಮ ಘಾಟಿಗಳಲ್ಲಿ ಅದು ಉಲ್ಟಾ.

ಇನ್ನು ಚಳಿ. ಪ್ರತಿ ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ. ಬೋರ್ಮಿಯೊದಲ್ಲಿ 20 ಇದ್ದರೆ ಮೇಲೆ 10. ನೀವು ಬೆವರಿ ತೊಯ್ದಿರುತ್ತೀರಿ, ನಂತರ ಗಂಟೆಗೆ ನಲವತ್ತು ಕಿಲೋಮೀಟರ್ ಗಾಳಿಗೆ ಒಡ್ಡಿಕೊಳ್ಳುತ್ತೀರಿ. ನನ್ನ ಮೊದಲ ಗಾವಿಯಾ ಸವಾರಿಯಲ್ಲಿ ನಾನು ಬಿಸಿಲು ನಂಬಿ ತೆಳು ಅಂಗಿಯಲ್ಲಿ ಹೋದೆ. ಇಳಿಯುವಾಗ ಮೈ ನಡುಗಿ, ಆ ನಡುಕ ಹ್ಯಾಂಡಲ್‌ಗೆ ಇಳಿದು, ಸೈಕಲ್ಲೇ ಅಲುಗಾಡತೊಡಗಿತು. ದಾರಿಯಲ್ಲಿನ ಸಾಂತಾ ಕತೆರಿನಾ ಊರಿನಲ್ಲಿ ನಿಂತು ಹೆಲ್ಮೆಟ್‌ನ ಕೊಂಡಿ ಬಿಚ್ಚಲು ಹೋದರೆ ಬೆರಳು ನನ್ನವಲ್ಲ. ಕಾಫಿ ಅಂಗಡಿಯ ಹೆಂಗಸೊಬ್ಬರು ಏನೂ ಕೇಳದೆ ಹೊರಬಂದು ಕೊಂಡಿ ಬಿಚ್ಚಿ, ಹಳೆಯ ಪತ್ರಿಕೆಯೊಂದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಳ್ಳಲು ಸನ್ನೆ ಮಾಡಿದರು. ಎಂಥ ಸೈಕಲ್ ಜಾಕೆಟ್ಟಿಗೂ ಕಡಿಮೆಯಿಲ್ಲದೆ ಅದು ಎದೆಗೆ ಗಾಳಿ ತಡೆಯಿತು. ಇದೇ ಗಾವಿಯಾದಲ್ಲಿ 1988ರ ಜೂನ್ 5ರಂದು ಇಟಲಿಯ ಜಿರೊ ಸೈಕಲ್ ಸ್ಪರ್ಧೆ ಹಿಮಪಾತಕ್ಕೆ ಸಿಕ್ಕಿತು. ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್ ಅಂದು ನಾಯಕನ ಗುಲಾಬಿ ಅಂಗಿ ಗೆದ್ದ. ಜಗತ್ತಿನ ಗಟ್ಟಿ ಸವಾರರು ಇಳಿಜಾರಿನಲ್ಲಿ ಹೆಪ್ಪುಗಟ್ಟಿ ನಿಂತರು. ನೀವು ಹೋಗುವ ಕಾಲಕ್ಕೂ ಅದಕ್ಕೂ ಅಂತರ ಮೂರು ವಾರ ಮಾತ್ರ. ಹೊರಡುವ ಬೆಳಿಗ್ಗೆ ಘಾಟಿ ತೆರೆದಿದೆಯೇ, ಮೇಲಿನ ಹವಾಮಾನ ಹೇಗಿದೆ ಎಂದು ನೋಡಿಯೇ ಹೊರಡಿ. ಮಧ್ಯಾಹ್ನದ ಗುಡುಗು ಮಳೆ ಅಲ್ಲಿ ಮಾಮೂಲು, ಹಾಗಾಗಿ ಹನ್ನೆರಡರೊಳಗೆ ಮೇಲಿರಿ. ಪೂರ್ತಿ ಬೆರಳಿನ ಕೈಗವಸು, ಗಾಳಿ ತಡೆಯುವ ಜಾಕೆಟ್, ಒಣಗಿದ ಒಳಅಂಗಿ, ಈ ಮೂರನ್ನು ಬೋರ್ಮಿಯೊದಲ್ಲಿ ಎಷ್ಟೇ ಸೆಕೆಯಾದರೂ ಬಿಟ್ಟು ಹೋಗಬೇಡಿ.

ಐದು ದಿನಗಳನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲ ದಿನ ಕಾಂಕಾನೊ. ಬೋರ್ಮಿಯೊದಿಂದ ಹೊರಟು, ಗೋಡೆಗೆ ಬಳ್ಳಿ ಹಬ್ಬಿದಂಥ ತಿರುವುಗಳನ್ನು ದಾಟಿ, ಮಧ್ಯಯುಗದ ಎರಡು ಕಲ್ಲಿನ ಗೋಪುರಗಳ ನಡುವೆ 1,900 ಮೀಟರ್ ಮುಟ್ಟುತ್ತೀರಿ. ರಸ್ತೆ ಎಲ್ಲಿಗೂ ಹೋಗದ್ದರಿಂದ ವಾಹನ ಕಡಿಮೆ. ಇದು ನಿಮ್ಮ ಇಳಿಜಾರಿನ ಪಾಠಶಾಲೆ. ಬ್ರೇಕ್, ಬಲಬದಿ ಎರಡನ್ನೂ ಮೈಗೂಡಿಸಿಕೊಳ್ಳಲು ಬೇಕಾದರೆ ಅರ್ಧ ಇಳಿದು ಮತ್ತೆ ಹತ್ತಿ ಇಳಿಯಿರಿ. ಸಂಕೋಚ ಬೇಡ.

ಎರಡನೆಯ ದಿನ ಬೋರ್ಮಿಯೊ ಕಡೆಯಿಂದಲೇ ಸ್ಟೆಲ್ವಿಯೊ, ಅದೇ ರಸ್ತೆಯಲ್ಲಿ ವಾಪಸು. ಹತ್ತುವಾಗ ನಿಧಾನವಾಗಿ ನೋಡಿಕೊಂಡ ಪ್ರತಿ ತಿರುವು ಇಳಿಯುವಾಗ ಪರಿಚಯದ ಮುಖವಾಗುತ್ತದೆ. ಮೊದಲ ಭಾಗದಲ್ಲಿ ಇಕ್ಕಟ್ಟಾದ, ಒದ್ದೆಯಾದ ಸುರಂಗಗಳಿವೆ. ಮುಂದೆ ಹಿಂದೆ ದೀಪ ಬೇಕೇ ಬೇಕು. ಇಟಲಿಯ ಕಾನೂನಿನ ಪ್ರಕಾರ ಸುರಂಗದಲ್ಲಿ ಪ್ರತಿಫಲಿಸುವ ಮೇಲಂಗಿಯೂ ಕಡ್ಡಾಯ. ನಂತರ ಸ್ಪೊಂದಲುಂಗಾದ ತಿರುವುಗಳ ಗೋಡೆ, ಅದರ ಮೇಲೆ ತುಸು ಸಡಿಲವಾಗುವ ಬಯಲು. ಅಲ್ಲಿ ಮೈಮರೆತು ಜೋರು ತುಳಿಯುವವರೇ ಜಾಸ್ತಿ. ಬಲ ಉಳಿಸಿಕೊಳ್ಳಿ. ಸ್ವಿಟ್ಜರ್ಲೆಂಡಿನ ಉಂಬ್ರೈಲ್ ಘಾಟಿಯ ಕಡೆಗೆ ರಸ್ತೆ ಕವಲೊಡೆದ ಮೇಲಿನ ಕೊನೆಯ ಮೂರು ಕಿಲೋಮೀಟರ್‌ಗಳೇ ಕಠಿಣ.

ಮೂರನೆಯ ದಿನ ಸೈಕಲ್ ಮುಟ್ಟಬೇಡಿ. ಊರಿನ ಬಿಸಿನೀರಿನ ಬುಗ್ಗೆಗಳಲ್ಲಿ ಬಿದ್ದಿರಿ. ನಾಲ್ಕನೆಯ ದಿನ ಗಾವಿಯಾ, ಬೋರ್ಮಿಯೊ ಕಡೆಯಿಂದ ಹೋಗಿ ಬಂದರೆ ಸಾಕು. 25 ಕಿಲೋಮೀಟರ್, ಸರಾಸರಿ ಶೇ 5.5, ಸಾಂತಾ ಕತೆರಿನಾದ ನಂತರವೇ ನಿಜವಾದ ಏರು. ಆಚೆ ಪೊಂತೆ ದಿ ಲೆನ್ಯೊ ಕಡೆಗೆ ಇಳಿಯುವ ರಸ್ತೆ ಕಿರಿದು, ಕಡಿದು; ಅಲ್ಲಲ್ಲಿ ಶೇ 16. ಕೊರಳೆಲುಬು ಮುರಿದುಕೊಂಡವರನ್ನು ನಾನು ಮೊದಲ ವರ್ಷ ಅತ್ತ ಕಳಿಸುವುದಿಲ್ಲ.

ಐದನೆಯ ದಿನಕ್ಕೆ ಎರಡು ದಾರಿಗಳಿವೆ, ಎರಡಕ್ಕೂ ಬೆಲೆಯಿದೆ. ಗೆಳೆಯನ 48 ತಿರುವುಗಳನ್ನು ತೀರಿಸಬೇಕೆಂದರೆ ಮಗನ ಕಾರಿನಲ್ಲಿ ಬೆಳಿಗ್ಗೆ ಘಾಟಿ ದಾಟಿ ಪ್ರಾತೊಗೆ ಇಳಿಯಿರಿ. ಅಲ್ಲಿಂದ 24 ಕಿಲೋಮೀಟರ್, 1,800 ಮೀಟರ್ ಏರು. ತಿರುವುಗಳ ಕಲ್ಲುಗಳ ಮೇಲಿನ ಸಂಖ್ಯೆ 48ರಿಂದ ಒಂದೊಂದಾಗಿ ಇಳಿಯುತ್ತ ಬರುತ್ತದೆ. ಅದು ಕೆಲವರಿಗೆ ಸಮಾಧಾನ, ಕೆಲವರಿಗೆ ಹಿಂಸೆ. ಎದುರಿಗೆ 3,905 ಮೀಟರ್‌ನ ಓರ್ಟ್ಲರ್ ಶಿಖರ ಹಿಮ ಹೊತ್ತು ನಿಂತಿರುತ್ತದೆ. ನೋಟದಲ್ಲಿ ಗೆಳೆಯನ ಮಾತು ನಿಜ. 1953ರಲ್ಲಿ ಇಟಲಿಯ ಸವಾರ ಫಾಸ್ತೊ ಕೋಪಿ ಪ್ರಾತೊ ಕಡೆಯಿಂದ ಹತ್ತಿ ಬೋರ್ಮಿಯೊಗೆ ಇಳಿದು ಆ ವರ್ಷದ ಜಿರೊವನ್ನೇ ಗೆದ್ದುಕೊಂಡ. ನಿಮಗೂ ಅದೇ ದಿಕ್ಕು ಒಳ್ಳೆಯದು, ಯಾಕೆಂದರೆ ಇಳಿಯುವುದು ಎರಡನೆಯ ದಿನವೇ ಪಳಗಿದ ರಸ್ತೆ. ಬೋರ್ಮಿಯೊದಿಂದಲೇ ಹೊರಟು ಉಂಬ್ರೈಲ್ ಮೇಲೆ ಸ್ವಿಟ್ಜರ್ಲೆಂಡಿಗಿಳಿದು, ಪ್ರಾತೊ ಮುಟ್ಟಿ ಸುತ್ತಿಬರುವ ನೂರು ಕಿಲೋಮೀಟರ್‌ನ ದಾರಿಯ ಬಗ್ಗೆ ಎಲ್ಲರೂ ಆಸೆ ಹುಟ್ಟಿಸುತ್ತಾರೆ. ಅದು ಮೂರು ಸಾವಿರ ಮೀಟರ್ ಏರು, ಏಳೆಂಟು ನಂದಿ. ಈ ಸಲ ಬೇಡ.

ಇನ್ನೊಂದು ದಾರಿ ಮೊರ್ತಿರೋಲೊ. 1994ರ ಜಿರೊದಲ್ಲಿ ಇಟಲಿಯ ಸವಾರ ಪಂತಾನಿ ಇಲ್ಲೇ ಎಲ್ಲರನ್ನೂ ಹಿಂದಿಕ್ಕಿ ಹೋದ; ಏರಿನ ನಡುವೆ ಅವನ ಸ್ಮಾರಕವಿದೆ, ನಿಂತು ಉಸಿರು ತಿರುಗಿಸಿಕೊಳ್ಳಲು ಮರ್ಯಾದೆಯ ನೆಪ. ಮಾತ್ಸೊದಿಂದ ಹತ್ತಿ ಅದೇ ದಾರಿಯಲ್ಲಿ ಇಳಿಯಬೇಡಿ. ಶೇ 18ರ ಇಳಿಜಾರಿನಲ್ಲಿ, ಕಾಡಿನ ನೆರಳಿನ ಪಾಚಿಯಲ್ಲಿ ಬ್ರೇಕ್ ಬಿಡಲು ಜಾಗವೇ ಸಿಗುವುದಿಲ್ಲ. ಗ್ರೋಸಿಯೊ ಕಡೆಗೆ ಇಳಿಯಿರಿ. ಬೋರ್ಮಿಯೊದಿಂದ ಮಾತ್ಸೊಗೆ ಹೋಗುವಾಗ ಹೊಸ ಹೆದ್ದಾರಿಯ ಉದ್ದನೆಯ ಸುರಂಗಗಳಿಗೆ ನುಗ್ಗಬೇಡಿ, ಅಲ್ಲಿ ಸೈಕಲ್ ನಿಷಿದ್ಧ. ಊರುಗಳ ನಡುವಿನ ಹಳೆಯ ರಸ್ತೆಯೋ, ಆದ್ದಾ ನದಿಗುಂಟ ಸಾಗುವ ಸೈಕಲ್ ಪಥವೋ ನಿಮ್ಮದು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಪ್ರಾತೊ ಅನ್ನುತ್ತೇನೆ. ಮೊರ್ತಿರೋಲೊ ಹತ್ತಿದ ಹೆಮ್ಮೆ ಸಿಗುತ್ತದೆ, ಸುಖ ಸಿಗುವುದಿಲ್ಲ.

ಊಟದ ಬಗ್ಗೆ ಎರಡೇ ಮಾತು. ಗಂಟೆಗೆ 50-60 ಗ್ರಾಂ ಸಕ್ಕರೆ-ಪಿಷ್ಟ ಒಳಗೆ ಹೋಗಬೇಕು. ಕಡಲೆ ಮಿಠಾಯಿ ಒಯ್ಯುವವರು ಚಿಕ್ಕ ತುಂಡು ಮಾಡಿಕೊಳ್ಳಿ, ಚಳಿಗೆ ಅದು ಹಲ್ಲು ಮುರಿಯುತ್ತದೆ. ಸಸ್ಯಾಹಾರಿಗಳಿಗೆ ವಾಲ್ತೆಲ್ಲಿನಾ ಕಣಿವೆಯ ಪಿತ್ಸೊಕ್ಕೆರಿ ಇದೆ: ಬಕ್‌ವೀಟ್ ಹಿಟ್ಟಿನ ಪಟ್ಟಿಗಳು, ಕೋಸು, ಆಲೂಗಡ್ಡೆ, ಕೈತುಂಬ ಬೆಣ್ಣೆ, ಚೀಸ್. ಸವಾರಿಯ ನಂತರ ತಿನ್ನಿ, ಮೊದಲಲ್ಲ.

ಇಲ್ಲಿಂದ ಹೊರಡುವವರೆಗೆ ನಂದಿಯ ಎರಡನೆಯ ಏರನ್ನು ಬಿಟ್ಟುಬಿಡಿ. ಬದಲಿಗೆ ಇಳಿಯುವುದನ್ನು ಅಭ್ಯಾಸವಾಗಿ ಮಾಡಿ: ಕೈ ಹ್ಯಾಂಡಲ್‌ನ ಕೆಳಭಾಗದಲ್ಲಿ, ಹೊರಬದಿಯ ಕಾಲು ಕೆಳಗೆ, ಕಣ್ಣು ತಿರುವಿನ ಕೊನೆಯಲ್ಲಿ. ನೀವು ಬಿದ್ದ ತಿರುವಿಗೆ ಒಂದು ದಿನ ನಡೆದುಕೊಂಡು ಹೋಗಿ. ನನ್ನ ಅನುಭವದಲ್ಲಿ ಹೆಚ್ಚಿನವರು ಬೀಳುವುದು ವೇಗಕ್ಕಲ್ಲ, ತಿರುವಿನ ನಡುವೆ ಹೆದರಿ ಬ್ರೇಕ್ ಒತ್ತಿದ್ದಕ್ಕೆ. ನಿಮ್ಮದೂ ಹಾಗೆಯೇ ಆಗಿದ್ದರೆ ನಿಮಗೇ ಗೊತ್ತಾಗುತ್ತದೆ.

ಇನ್ನು ನಿಮ್ಮ ಮನೆಯವರ ವಿಷಯ. ಆದ್ದಾ ತೀರದ ಸೈಕಲ್ ಪಥ ಬೋರ್ಮಿಯೊದಿಂದ ಕೆಳಗೆ ಕೋಲಿಕೊ ಊರಿನವರೆಗೆ 114 ಕಿಲೋಮೀಟರ್ ಇದೆ. ಎಷ್ಟು ಬೇಕೋ ಅಷ್ಟು ಹೋಗಿ ಬರಬಹುದು. ಸೈಕಲ್ ಸಮತೋಲನ ಬರುವುದಾದರೆ ಬ್ಯಾಟರಿ ಸೈಕಲ್ ಬಾಡಿಗೆಗೆ ಪಡೆದು, ಮೊದಲ ದಿನ ಕಾಂಕಾನೊಗೆ ನಿಮ್ಮ ಜೊತೆಗೇ ಹೊರಡಲಿ. ಕಡಿಮೆ ನೆರವಿನ ಮಟ್ಟದಲ್ಲಿಟ್ಟರೆ ಬ್ಯಾಟರಿ ಧಾರಾಳವಾಗಿ ಸಾಕು. ಗೋಪುರದ ಬಳಿ ಅವರು ನಿಮಗಿಂತ ಮೊದಲೇ ತಲುಪಿ ಕಾಯುತ್ತಿರುತ್ತಾರೆ. ನಿಮ್ಮ ಒಣ ಅಂಗಿ, ಕೈಗವಸು ಅವರ ಬ್ಯಾಗಿನಲ್ಲಿರಲಿ.